ಕೈಮರದ ಪಾನಕ

ನಮ್ಮೂರಿನಲ್ಲಿ ಆರೋಗ್ಯಕ್ಕೋಸ್ಕರ ನಡೆದವರಲ್ಲಿ ಮೊದಲಿಗರು ನಮ್ಮತ್ತೆ. ಎಪ್ಪತ್ತರ ದಶಕದ ಕೊನೆಯ ಮಾತಿದು. ಅದಕ್ಕೂ ಮುಂಚೆ ಜನ ನಡೆಯುತ್ತಿರಲಿಲ್ಲ ಎಂದಲ್ಲ. ಹೊಲಕ್ಕೆ ನಡೆಯುತ್ತಿದ್ದರು, ಸಂತೆಗೆ ನಡೆಯುತ್ತಿದ್ದರು, ಬಸ್ಸು ತಪ್ಪಿದರೆ ಕೊರಟಗೆರೆಯವರೆಗೂ ನಡೆಯುತ್ತಿದ್ದರು. ಎಲ್ಲಿಗೂ ಹೋಗದೆ ಸುಮ್ಮನೆ ನಡೆದು ವಾಪಸ್ಸು ಬರುವ ಕೆಲಸವನ್ನು ಮಾತ್ರ ಯಾರೂ ಮಾಡುತ್ತಿರಲಿಲ್ಲ. ಅಷ್ಟು ಪುರುಸೊತ್ತು ಇದ್ದವರು ಜಗಲಿಯ ಮೇಲೆ ಕೂರುತ್ತಿದ್ದರು.

ಸಂಕ್ರಾಂತಿಗೆ ಮುಂಚೆ ಈಳಿಗೆಮಣೆ ತಾಗಿ ಅತ್ತೆಯ ಬಲಗೈ ತೋರುಬೆರಳು ಕೊಯ್ದಿತ್ತು. ಅರಿಶಿನ ಮೆತ್ತಿದರು, ಬೇವು ಅರೆದು ಕಟ್ಟಿದರು. ಗಾಯ ಮಾಯಲಿಲ್ಲ, ಬೆರಳು ಊದಿ ಕಪ್ಪಗಾಗತೊಡಗಿತು. ಕೊನೆಗೆ ನಾನು ಬಸ್ಸಿನಲ್ಲಿ ಮಧುಗಿರಿಗೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರು ಗಾಜಿನ ನಳಿಗೆಯಲ್ಲಿದ್ದ ನೀಲಿ ನೀರಿಗೆ ಅತ್ತೆಯ ಮೂತ್ರದ ಹನಿ ಬಿಟ್ಟು ಸ್ಪಿರಿಟ್ ದೀಪದ ಮೇಲೆ ಕಾಯಿಸಿದರು. ನೀಲಿ ಹಸಿರಾಯಿತು, ಹಸಿರು ಹಳದಿಯಾಯಿತು, ಆಮೇಲೆ ಇಟ್ಟಿಗೆ ಬಣ್ಣಕ್ಕೆ ಬಂದು ನಿಂತಿತು. ಅದು ಸಕ್ಕರೆ ಕಾಯಿಲೆ. ಮಾತ್ರೆ ನುಂಗಬೇಕು, ಸಿಹಿ ಮುಟ್ಟಬಾರದು, ದಿನಾ ಬೆಳಿಗ್ಗೆ ನಡೆಯಬೇಕು. ರಾಮನವಮಿಯ ಹೊತ್ತಿಗೆ ಬಣ್ಣ ಇಳಿಯದಿದ್ದರೆ ಬೆರಳು ತೆಗೆಯಬೇಕಾಗುತ್ತದೆ ಎಂದರು.

ವಾಪಸ್ಸು ಬರುವಾಗ ಬಸ್ಸಿನ ತುಂಬ ನಮ್ಮ ಕಡೆಯವರೇ ಇದ್ದರು. ಅತ್ತೆ ನನ್ನ ಕಿವಿಯ ಹತ್ತಿರ ಬಾಗಿ, ‘ಬೆರಳಿಲ್ದೆ ಮುದ್ದೆ ಮುರಿಯೋದು ಹೆಂಗೆ ಕಣಮ್ಮ?’ ಎಂದರು. ಸ್ವಲ್ಪ ದೂರ ಹೋದ ಮೇಲೆ, ‘ಊರಲ್ಲಿ ಯಾರ್ಗೂ ಹೇಳ್ಬೇಡ. ನನ್ನ ನೋಡಿ ಯಾರೂ ಪಾಪ ಅನ್ಬಾರ್ದು’ ಎಂದರು. ಇಡೀ ಊರನ್ನು ನೋಡಿ ಪಾಪ ಎನ್ನುವ ಹಕ್ಕು ಅದುವರೆಗೂ ಅವರೊಬ್ಬರಿಗೇ ಇತ್ತು.

ಮಾರನೆಯ ಬೆಳಿಗ್ಗೆ ನಡೆಯಲು ಹೊರಟರು. ಊರು ದಾಟುವ ಮುಂಚೆಯೇ ಒಬ್ಬ ಗಾಡಿಯವನು ಎತ್ತು ನಿಲ್ಲಿಸಿ, ‘ಎಲ್ಲಿಗೆ ಹೊಂಟ್ರಿ ತಾಯಿ?’ ಎಂದ. ಎಲ್ಲಿಗೂ ಇಲ್ಲ ಎಂದರೆ ತಲೆ ಕೆಟ್ಟಿದೆ ಅಂದುಕೊಳ್ಳುತ್ತಾನೆ. ಬಾಯಿಗೆ ಬಂದಂತೆ ‘ಮನೆಗೆ’ ಎಂದುಬಿಟ್ಟರು. ಅವನು ಮರ್ಯಾದಸ್ಥ. ಇವರನ್ನು ಹತ್ತಿಸಿಕೊಂಡು, ಗಾಡಿ ತಿರುಗಿಸಿ, ತಂದು ಮನೆ ಮುಂದೆ ಇಳಿಸಿದ. ಅತ್ತೆ ಕಾಲು ತೊಳೆದುಕೊಂಡು ಒಳಗೆ ಬಂದು, ವಾಕಿಂಗ್ ಆಯಿತು ಎಂದರು.

ಆಗ ನನಗೆ ಅರವಟ್ಟಿಗೆ ನೆನಪಾಯಿತು. ಊರ ಹೊರಗೆ ರಸ್ತೆ ಕವಲೊಡೆಯುವ ಕೈಮರದಲ್ಲಿ ಕೊಳಾಲದ ಕಡೆಯಿಂದ ಬಂದವರು ಇಳಿದು ಇನ್ನೊಂದು ಬಸ್ಸಿಗೆ ಬಿಸಿಲಿನಲ್ಲಿ ಕಾಯುತ್ತಿದ್ದರು. ನಮ್ಮ ಮಾವನವರ ಕಾಲದಲ್ಲಿ ಅಲ್ಲಿ ಬೇಸಿಗೆಯಲ್ಲಿ ಗರಿಯ ಚಪ್ಪರ ಹಾಕಿ ದಾರಿಹೋಕರಿಗೆ ನೀರು, ಮಜ್ಜಿಗೆ, ರಾಮನವಮಿಯ ದಿನ ಪಾನಕ ಕೊಡುತ್ತಿದ್ದರಂತೆ. ಅವರು ಹೋದ ಮೇಲೆ ನಿಂತಿತ್ತು. ಅದನ್ನು ಮತ್ತೆ ಶುರುಮಾಡಲು ಚಂದಾ ಎತ್ತುತ್ತೇನೆಂದು ಮನೆಮನೆಗೆ ನಡೆದರೆ ಯಾರೂ ಗಾಡಿ ತಿರುಗಿಸುವುದಿಲ್ಲ ಎಂದೆ. ಅತ್ತೆಗೆ ಇದು ಒಪ್ಪಿಗೆಯಾಯಿತು. ಒಂದು ಡಬ್ಬಿಯ ಮುಚ್ಚಳಕ್ಕೆ ತೂತು ಮಾಡಿಸಿ, ಗಾಯದ ಕೈಯನ್ನು ಸೆರಗಿನೊಳಗೆ ಸೇರಿಸಿ, ನಮ್ಮೂರು, ಪಕ್ಕದ ಊರು, ಕುರಿಯವರ ಹಟ್ಟಿ ಎಲ್ಲ ಸುತ್ತತೊಡಗಿದರು. ಮಡಕೆಗೆ, ಗರಿಗೆ, ನೀರು ಹೊರುವವರ ಕೂಲಿಗೆ ದುಡ್ಡು ಬೇಕಿತ್ತು. ಜನ ಡಬ್ಬಿಗೆ ಚಿಲ್ಲರೆ ಹಾಕಿದರು. ಪಾನಕ ಎಂದಿದ್ದಕ್ಕೆ ಬೆಲ್ಲವನ್ನೂ ಕೊಟ್ಟರು. ಡಬ್ಬಿಯ ಜೊತೆ ಒಂದು ಕುಕ್ಕೆಯೂ ಸೊಂಟಕ್ಕೇರಿತು.

ಇಷ್ಟೆಲ್ಲ ನಡೆದ ಮೇಲೆ ಮಧುಗಿರಿಗೆ ಹೋದರೆ ನಳಿಗೆಯ ಬಣ್ಣ ಹಿಂದಿನದಕ್ಕಿಂತ ಗಾಢವಾದ ಇಟ್ಟಿಗೆಯಾಗಿತ್ತು. ಡಾಕ್ಟರು ನನ್ನನ್ನು ನೋಡಿದರು. ನಾನು ಅತ್ತೆಯನ್ನು ನೋಡಿದೆ. ಅತ್ತೆ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು.

ಮರುದಿನ ಅವರ ಜೊತೆ ನಾನೂ ಹೊರಟೆ. ಮೊದಲ ಮನೆಯಲ್ಲೇ ಕಾರಣ ಗೊತ್ತಾಯಿತು. ಬಿಸಿಲಲ್ಲಿ ನಡೆದು ಬಂದವರಿಗೆ ನಮ್ಮ ಕಡೆ ಮೊದಲು ಕೊಡುವುದು ಒಂದು ಚೆಂಬು ನೀರು, ಒಂದು ಅಚ್ಚು ಬೆಲ್ಲ. ಎರಡನೆಯ ಮನೆಯಲ್ಲೂ ಅದೇ. ಅತ್ತೆ ಪ್ರತಿ ಮನೆಯಲ್ಲೂ ಮರ್ಯಾದೆಯಿಂದ ತಿಂದು, ನೀರು ಕುಡಿದು, ಸಕ್ಕರೆ ಕಾಯಿಲೆ ಇಳಿಸಿಕೊಳ್ಳಲು ಮುಂದಿನ ಮನೆಗೆ ನಡೆಯುತ್ತಿದ್ದರು.

‘ಬೇಡ ಅನ್ನಬಾರದೇ?’ ಎಂದೆ.

‘ಬೇಡ ಅಂದ್ರೆ ಯಾಕೆ ಅಂತಾರೆ. ಯಾಕೆ ಅಂದ್ರೆ ಹೇಳ್ಬೇಕು. ಹೇಳಿದ್ರೆ ಪಾಪ ಅಂತಾರೆ.’

ನನಗೆ ಸಿಟ್ಟು ಬಂತು. ಬೆರಳು ಹೋದ ಮೇಲೆ ಆ ಕೈ ನೋಡಿ ಜನ ಏನನ್ನುತ್ತಾರೆ ಎಂದು ಕೇಳಿಯೇಬಿಟ್ಟೆ. ಅವರು ಸೆರಗನ್ನು ಆ ಕೈಯ ಮೇಲೆ ಇನ್ನಷ್ಟು ಎಳೆದುಕೊಂಡು ಹಟ್ಟಿಯ ದಾರಿ ಹಿಡಿದರು.

ಹಟ್ಟಿಯ ಕೊನೆಯ ಗುಡಿಸಿಲಿನಲ್ಲಿ ಒಬ್ಬ ಮುದುಕಿ ಇದ್ದಳು. ಬೇಸಿಗೆ ಪೂರ್ತಿ ಅರವಟ್ಟಿಗೆಯಲ್ಲಿ ಕೂತು ನೀರು ಕೊಡಲು ಒಪ್ಪಿಕೊಂಡವಳು ಅವಳೇ. ಬೇರೆಯವರಿಗಿಂತ ದೊಡ್ಡ ಅಚ್ಚನ್ನೇ ತಂದು ಹಿಡಿದಳು. ಅತ್ತೆ ಕೈ ಚಾಚಿದವರು ಅರ್ಧಕ್ಕೆ ನಿಲ್ಲಿಸಿ, ‘ಹರಕೆ ಹೊತ್ತಿದೀನಿ ಕಣವ್ವ. ಕೈಮರದಲ್ಲಿ ಪಾನಕ ಕುಡಿಯೋಗಂಟ ಬೆಲ್ಲ ಬಾಯಿಗೆ ಮುಟ್ಸಾಕಿಲ್ಲ’ ಎಂದರು. ಹರಕೆ ಎಂದರೆ ನಮ್ಮಲ್ಲಿ ಯಾರೂ ಯಾಕೆ ಎಂದು ಕೇಳುವುದಿಲ್ಲ. ಮುದುಕಿ ಅತ್ತೆಯ ಮುಖವನ್ನೊಮ್ಮೆ, ಸೆರಗಿನೊಳಗಿನ ಕೈಯನ್ನೊಮ್ಮೆ ನೋಡಿ, ‘ಅಂಗಾದ್ರೆ ಬುಡು ತಾಯಿ’ ಎಂದು ಬೆಲ್ಲವನ್ನು ಕುಕ್ಕೆಗೆ ಹಾಕಿದಳು.

ಹರಕೆಯ ಸುದ್ದಿ ನಮಗಿಂತ ಮುಂಚೆ ಊರು ಸೇರಿತು. ಅಂದಿನಿಂದ ಬೆಲ್ಲ ನೇರವಾಗಿ ಕುಕ್ಕೆಗೆ ಬೀಳತೊಡಗಿತು. ನಳಿಗೆ ಹಳದಿಗೆ ಇಳಿಯಿತು, ಆಮೇಲೆ ಹಸಿರಿಗೆ. ಬೆರಳಿನ ಊತ ತಗ್ಗಿತು. ಡಾಕ್ಟರು, ರಾಮನವಮಿಯ ಮರುದಿನ ಕೊನೆಯ ಸಲ ನೋಡಿ ಬೆರಳಿನ ವಿಷಯ ತೀರ್ಮಾನಿಸುತ್ತೇನೆ, ಅಲ್ಲಿಯವರೆಗೆ ಒಂದು ಚೂರು ಸಿಹಿಯೂ ಕೂಡದು ಎಂದರು. ನನಗೆ ತುಂಬ ಸಂತೋಷವಾಯಿತು. ಆ ಸಂತೋಷ ಮನೆಗೆ ಬಂದು ಸಾರಿಗೆ ಒಗ್ಗರಣೆ ಹಾಕುವವರೆಗೆ ಇತ್ತು. ಹರಕೆ ಹೊತ್ತವರು ಅದನ್ನು ತೀರಿಸಬೇಕು ಎನ್ನುವುದು ಹೊಳೆದದ್ದು ಆಗ.

ರಾಮನವಮಿಯ ದಿನ ಕೈಮರದಲ್ಲಿ ಚಪ್ಪರದ ಕೆಳಗೆ ಊರೇ ನೆರೆದಿತ್ತು. ಏಲಕ್ಕಿ, ನಿಂಬೆಹಣ್ಣಿನ ವಾಸನೆ ರಸ್ತೆಯವರೆಗೂ ಬರುತ್ತಿತ್ತು. ಮೊದಲ ಲೋಟ ಹರಕೆಯವರದು ಎಂದು ಹಿರಿಯರು ಕೂಗಿ ಹೇಳಿದರು. ಮುದುಕಿ ಒಳಗೆ ಬಾಗಿ ಒಂದು ಹಿತ್ತಾಳೆ ಲೋಟ ತುಂಬಿ ತಂದು ಅತ್ತೆಯ ಕೈಗಿಟ್ಟಳು. ಅಷ್ಟು ಜನ ನೋಡುತ್ತಿದ್ದರು. ಚೆಲ್ಲುವಂತಿಲ್ಲ, ಬೇಡ ಎನ್ನುವಂತಿಲ್ಲ. ನನಗೆ ಅಳು ಬಂದಿತ್ತು. ಹೇಗಾದರೂ ಕಿತ್ತುಕೊಳ್ಳೋಣವೆಂದು ಒಂದು ಹೆಜ್ಜೆ ಮುಂದೆ ಇಟ್ಟೆ. ಅತ್ತೆ ಅಲ್ಲೇ ನಿಲ್ಲು ಎನ್ನುವ ಹಾಗೆ ನೋಡಿ, ಲೋಟ ಎತ್ತಿ ಕುಡಿದರು. ಒಂದು ಗುಟುಕಾದ ಮೇಲೆ ಸ್ವಲ್ಪ ನಿಂತರು. ಮತ್ತೆ ಕುಡಿದರು. ಸೆರಗಿನಿಂದ ಬಾಯಿ ಒರೆಸಿಕೊಂಡು ಎಲ್ಲರಿಗೂ ಕೇಳುವಂತೆ, ‘ಸಿಹಿ ಹದವಾಗೈತೆ’ ಎಂದರು. ಉಳಿದದ್ದನ್ನು ನನ್ನ ಕೈಗೆ ಕೊಟ್ಟು, ‘ನೀನೂ ಕುಡಿಯಮ್ಮ’ ಎಂದರು.

ಕುಡಿದೆ. ಬರೀ ನೀರು. ಮೇಲೊಂದು ತುಳಸಿ ಎಲೆ.

ನಾನು ತಲೆ ಎತ್ತಿ ಸುತ್ತ ನೋಡಿದೆ. ಗಾಡಿಯವನು ಎತ್ತಿನ ಹಗ್ಗ ಸರಿಮಾಡುತ್ತಿದ್ದ. ಹಿರಿಯರು ಚಪ್ಪರದ ಗರಿ ನೋಡುತ್ತಿದ್ದರು. ಮುದುಕಿ ಗುಡಾಣದಿಂದ ಪಾನಕ ತುಂಬುತ್ತ, ‘ಮುಂದ್ಲೋರು ಬರ್ರಿ’ ಎನ್ನುತ್ತಿದ್ದಳು. ನಮ್ಮೂರಿನವರೇ ತುಂಬಿದ ಬಸ್ಸಿನಲ್ಲಿ ಆಸ್ಪತ್ರೆಗೆ ಹೋಗಿಬಂದು ಅದನ್ನು ಗುಟ್ಟೆಂದುಕೊಂಡವರು ನಾವಿಬ್ಬರು ಮಾತ್ರ. ಅಷ್ಟು ಜನರಲ್ಲಿ ಒಬ್ಬರೂ ಪಾಪ ಅನ್ನಲಿಲ್ಲ.

ಮರುದಿನ ನಳಿಗೆ ನೀಲಿಯಾಗಿಯೇ ಉಳಿಯಿತು. ಬೆರಳೂ ಉಳಿಯಿತು. ಅದೇ ಬೆರಳಿನಿಂದ ಅತ್ತೆ ಇನ್ನೂ ಬಹಳ ವರ್ಷ ಮುದ್ದೆ ಮುರಿದರು, ನನ್ನ ತಪ್ಪುಗಳನ್ನು ತೋರಿಸಿದರು. ಪ್ರತಿ ಬೇಸಿಗೆ ಡಬ್ಬಿ ಹಿಡಿದು ನಡೆದರು, ಪ್ರತಿ ವರ್ಷ ಹೊಸದಾಗಿ ಹರಕೆ ಹೊತ್ತರು. ಪ್ರತಿ ರಾಮನವಮಿಗೂ ಮೊದಲ ಲೋಟ ಅವರಿಗೇ. ಒಂದು ವರ್ಷ ಕುಡಿದು ಮುಗಿಸಿ, ಮುಖ ಸ್ವಲ್ಪ ಗಂಟುಹಾಕಿ, ‘ಈ ಸಲ ಯಾಕೋ ಬೆಲ್ಲ ಒಂಚೂರು ಮುಂದಾಯ್ತು ಕಣವ್ವ’ ಎಂದರು.

ಮುದುಕಿ ಲೋಟ ಇಸಿದುಕೊಂಡು, ‘ಆಗ್ಲಿ ತಾಯಿ, ಬರೋ ವರ್ಸ ಕಮ್ಮಿ ಆಕ್ತೀನಿ’ ಎಂದಳು.