ಪೆಟ್ಟಿಗೆ ಮೇಲೇರಿದ ಮೇಲೆ

ಬಾಯಿ ಬೆಲ್ಲ, ಕರುಳು ಕತ್ತರಿ ಎಂಬ ಮಾತಿಗೆ ಕೋಟು, ಟೈ ತೊಡಿಸಿದರೆ ಈ ಹೋಟೆಲಿನ ಮ್ಯಾನೇಜರ್ ಆಗುತ್ತಾನೆ. ತಿಂಗಳ ಹಿಂದೆಯೇ ರೂಮು ಬುಕ್ ಮಾಡಿ ಬಂದವರನ್ನು ಬಾಗಿಲಲ್ಲೇ ಎದುರುಗೊಂಡು, ಪ್ರಯಾಣದ ಸುಖದುಃಖ ವಿಚಾರಿಸುತ್ತಲೇ ಅವರ ಪೆಟ್ಟಿಗೆಗಳನ್ನು ಮಹಡಿಗೆ ಸಾಗಿಸಿಬಿಡುತ್ತಾನೆ. ಪೆಟ್ಟಿಗೆ ಮೇಲೇರಿದ ಮೇಲೆಯೇ ರೇಟೂ ಮೇಲೇರುವುದು. "ಅದು ಬುಕ್ ಮಾಡಿದ ದಿನದ ರೇಟು ಸಾರ್. ಇವತ್ತು ಸಿಸ್ಟಮ್ಮೇ ಬೇರೆ ತೋರಿಸ್ತಿದೆ, ನಾನೇನ್ ಮಾಡ್ಲಿ" ಎಂದು, ಕೈಮೀರಿದ ಮಗನನ್ನು ತೋರಿಸುವ ತಂದೆಯಂತೆ ಕಂಪ್ಯೂಟರಿನತ್ತ ನೋಡಿ ನಿಟ್ಟುಸಿರು ಬಿಡುತ್ತಾನೆ. ಹೆಗಲ ಮೇಲೆ ಮಗು ಮಲಗಿರುವ ಅಪ್ಪಂದಿರು ಜಗಳಾಡುವುದಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತು. ಯಾರಾದರೂ ಬುಕಿಂಗ್ ರಸೀದಿಯನ್ನು ಮುಂದಿಟ್ಟು, "ಗ್ರಾಹಕರ ಕೋರ್ಟಲ್ಲೇ ಮಾತಾಡೋಣ ಬಿಡಿ" ಎಂದರೆ ಮಾತ್ರ ಆ ಕಂಪ್ಯೂಟರಿಗೆ ತಟ್ಟನೆ ಹಳೆಯ ರೇಟು ನೆನಪಾಗುತ್ತದೆ. ಇಂಥವನು ಹೆಂಡತಿಯೊಡನೆ ಪ್ರವಾಸ ಹೋದರೆ, ಅಲ್ಲಿಯ ಹೋಟೆಲಿನ ಮ್ಯಾನೇಜರ್ ನಗುನಗುತ್ತಾ ಬಂದು ಕೈಚಾಚಿದರೂ ಪೆಟ್ಟಿಗೆ ಕೊಡುವುದಿಲ್ಲ. ಸೋಫಾದಲ್ಲಿ ಕೂತು, ಅದನ್ನು ಹಸುಗೂಸಿನಂತೆ ಎದೆಗವಚಿಕೊಳ್ಳುತ್ತಾನೆ. "ಪಾಪ, ಎಷ್ಟು ಮರ್ಯಾದೆಯಿಂದ ಕೇಳ್ತಿದಾರೆ, ಕೊಡ್ರೀ" ಎನ್ನುತ್ತಾಳೆ ಹೆಂಡತಿ. "ಅದಕ್ಕೇ ಕಣೇ ನಂಗೆ ಭಯ" ಎನ್ನುತ್ತಾನೆ ಅವನು.