ಹಿಮದಡಿಯ ಸೆನ್ಸರುಗಳು

ಬ್ಯಾಂಕುಗಳು ಮುಳುಗುತ್ತಿದ್ದ ಆ ಚಳಿಗಾಲದಲ್ಲಿ ನಾನು ಅಮೆರಿಕದ ಮಾನ್ಮತ್ ಜಂಕ್ಷನ್ ಎಂಬ ಊರಿನ ಸಣ್ಣ ಕಂಪನಿಯೊಂದರಲ್ಲಿದ್ದೆ. ಉತ್ತರ ಧ್ರುವ ಪ್ರದೇಶದ ಹೆಪ್ಪುಗಟ್ಟಿದ ನೆಲದಲ್ಲಿ ಕಂಪನಿ ಹುಗಿಸಿದ್ದ ಸೆನ್ಸರುಗಳು, ಮಣ್ಣು ಎಷ್ಟು ಬಿಸಿಯಾಗುತ್ತಿದೆಯೆಂದು ಗಂಟೆಗೊಮ್ಮೆ ತಿಳಿಸುತ್ತಿದ್ದವು. ಅವನ್ನು ಹುಗಿದು ಬಂದವರು ಧಾರವಾಡದ ಹಿರಿಯ ಎಂಜಿನಿಯರ್, ನಮಗೆಲ್ಲ ಅಂಕಲ್. ಅಲ್ಲಿನ ಚಳಿಗೆ ಅವರ ಎರಡು ಬೆರಳು ಮರಗಟ್ಟಿಯೇ ಉಳಿದಿದ್ದವು.

ಪ್ರಾಜೆಕ್ಟ್ ನಿಂತಿತು. ಮೊದಲು ಅಂಕಲ್‌ರನ್ನು ತೆಗೆದರು. ಮಾಹಿತಿ ಬರುತ್ತಿದ್ದ ಸರ್ವರ್ ಆಫ್ ಮಾಡುವ ಕೆಲಸ ನನಗೆ ಬಂತು.

ಹೊರಟು ನಿಂತ ಅಂಕಲ್ ನನ್ನ ಮೇಜಿನ ಬಳಿ ಬಂದರು. "ಬ್ಯಾಟರಿ ಇನ್ನೂ ಎರಡು ವರ್ಷ ಬರ್ತಾವ ತಂಗಿ. ಯಾವುದಾರ ಯೂನಿವರ್ಸಿಟಿಯವರು ತಗೋತಾರ. ಒಂದು ವಾರ ತಡಿ."

"ನಂದು ಎಚ್-ಒನ್ ವೀಸಾ ಅಂಕಲ್, ಕೆಲಸ ಹೋದ್ರೆ ದೇಶ ಬಿಡ್ಬೇಕು. ಹೇಳಿದ್ದು ಮಾಡ್ದೇ ಇದ್ರೆ ನನ್ನನ್ನೂ ಕಳಿಸ್ತಾರೆ," ಎಂದೆ.

ಅವರು ಕಾರು ಹತ್ತುವವರೆಗೆ ಕಾದು, ಸರ್ವರ್ ಆಫ್ ಮಾಡಿದೆ.

ಮುಂದಿನ ಶುಕ್ರವಾರ ನನ್ನ ಬ್ಯಾಡ್ಜನ್ನೂ ಕಿತ್ತುಕೊಂಡರು. ಆಮೇಲೆ ಐಸೆಲಿನ್ ಊರಿನ ದಿನಸಿ ಅಂಗಡಿಯಲ್ಲಿ ಅಂಕಲ್ ಸಿಕ್ಕರು. ವಾರದೊಳಗೇ ಒಬ್ಬ ಪ್ರೊಫೆಸರ್ ಒಪ್ಪಿದ್ದರಂತೆ. ಆದರೆ ಸರ್ವರಿನಿಂದ ಉತ್ತರ ಸಿಗದ ಸೆನ್ಸರುಗಳು ಅಷ್ಟರಲ್ಲಿ ತಾವಾಗಿಯೇ ಆಫ್ ಆಗಿದ್ದವು. ಮತ್ತೆ ಆನ್ ಮಾಡಲು ಆ ಹೆಪ್ಪುಗಟ್ಟಿದ ನೆಲಕ್ಕೇ ಹೋಗಬೇಕಿತ್ತು.

"ನೀ ತಡೀಬೇಕಿತ್ತು," ಎಂದಷ್ಟೇ ಹೇಳಿ ಅವರು ತೊಗರಿಬೇಳೆ ಚೀಲ ಎತ್ತಿಕೊಂಡರು.

ತಡೆದಿದ್ದರೂ ನನ್ನ ಕೆಲಸ ಅದೇ ಶುಕ್ರವಾರಕ್ಕೇ ಹೋಗುತ್ತಿತ್ತು.