ಬಾಳೆಗೊನೆಗೂ ಉಸಿರು

ಅವರ ಕಣ್ಣುಗಳು ವರ್ಷವಿಡೀ ಕೆಂಪಗಿರುತ್ತಿದ್ದವು. ಹೊಸಬರು ಬೇರೇನನ್ನೋ ಊಹಿಸಿ ಎರಡು ಹೆಜ್ಜೆ ದೂರ ನಿಲ್ಲುತ್ತಿದ್ದರು. ಕಾರಣ ತೆಂಗಿನ ಸಿಪ್ಪೆಯ ಹೊಗೆ. ಶಿರ್ವದ ಪೇಟೆಯಲ್ಲಿ ಅವರದು ಬಾಳೆಹಣ್ಣಿನ ಅಂಗಡಿ. ಹಿಂದೆ, ಕಾಯಿ ಹಣ್ಣುಮಾಡುವ ಕಿಟಕಿಯಿಲ್ಲದ ಕೋಣೆ. ಕ್ರೈಸ್ತ ಗಂಡಸರನ್ನು ಗೌರವದಿಂದ ಕರೆಯುವಂತೆ ಊರವರು ಅವರನ್ನೂ ಪೊರ್ಬುಗಳು ಎನ್ನುತ್ತಿದ್ದರು.

ಗೊನೆಗಳನ್ನು ಒಳಗಿಟ್ಟು, ಹೊಗೆ ಹಾಕಿ, ಬಾಗಿಲ ಸಂದಿಗೆ ಒದ್ದೆ ಗೋಣಿ ತುರುಕುವರು. ಆದರೆ ಪ್ರತಿ ಬೆಳಿಗ್ಗೆ ಜಪಮಾಲೆಯ ಹತ್ತು ಮಣಿ ಎಣಿಸುವಷ್ಟು ಹೊತ್ತು ಬಾಗಿಲು ತೆರೆದಿಡುವರು. ಮಣಿಪಾಲದಲ್ಲಿ ಮೂವತ್ತು ವರ್ಷ ರಸಾಯನಶಾಸ್ತ್ರ ಬೋಧಿಸಿ, ಕಲಿಯುವುದೇನೂ ಉಳಿದಿಲ್ಲವೆಂಬ ದೃಢ ನಂಬಿಕೆಯೊಂದಿಗೆ ನಿವೃತ್ತನಾದ ನನಗೆ ಇದನ್ನು ಸಹಿಸಲಾಗಲಿಲ್ಲ. ಹಣ್ಣಾಗಿಸುವ ಅನಿಲ ಹೊಗೆಯಲ್ಲೂ ಇದೆ, ಕಾಯಿಯೂ ಅದನ್ನು ಬಿಡುತ್ತದೆ, ದಿನಾ ಬಾಗಿಲು ತೆರೆದು ಅದನ್ನು ಹೊರಗಟ್ಟುವುದು ಮೌಢ್ಯ ಎಂದು ಉಪನ್ಯಾಸ ಕೊಟ್ಟೆ.

"ಕಾಯಿಗೂ ಉಸಿರು ಬೇಕು ಮಾಸ್ಟ್ರೇ," ಎಂದರು.

ನಾನು ಬಿಡಲಿಲ್ಲ. ಕಲಿತವರ ಮಾತಿನ ಮೇಲೆ ಅವರಿಗೆ ಅನಗತ್ಯ ಗೌರವವಿತ್ತು. ಕಾಪುವಿನ ಒಂದು ಮದುವೆಗೆ ಇಪ್ಪತ್ತು ಗೊನೆ ಕದಳಿ ಒಪ್ಪಿಕೊಂಡಿದ್ದರು. ಆ ಸಲ ಬಾಗಿಲಿಗೆ ನಾನೇ ಪ್ಲಾಸ್ಟಿಕ್ ಹಾಳೆ ಅಂಟಿಸಿದೆ. ಮದುವೆಯ ಮುನ್ನಾದಿನದವರೆಗೆ ತೆರೆಯಕೂಡದೆಂದು ನನ್ನ ಅಪ್ಪಣೆಯಾಯಿತು.

ತೆರೆದರೆ ಗೊನೆಗಳು ಇಟ್ಟ ಹಸಿರಿನಲ್ಲೇ ಇದ್ದವು. ಹುಳಿ ವಾಸನೆ ಬೇರೆ. ಕೋಣೆಯ ಗಾಳಿಯನ್ನೆಲ್ಲ ಉಸಿರಾಡಿ ಮುಗಿಸಿ, ತಾವೇ ಬಿಟ್ಟ ಕೆಟ್ಟ ಗಾಳಿಯಲ್ಲಿ ಕುಳಿತು, ಹಣ್ಣಾಗುವ ಕೆಲಸವನ್ನೇ ನಿಲ್ಲಿಸಿಬಿಟ್ಟಿದ್ದವು. ನಾನು ಪಾಠ ಮಾಡಿದ ಪುಸ್ತಕದಲ್ಲೇ ಇದು ಇತ್ತು, ಆಮೇಲೆ ನೋಡಿದೆ.

ಸುದ್ದಿ ತಿಳಿದ ವ್ಯಾಪಾರಿಯೊಬ್ಬ ಕಾರ್ಬೈಡ್ ಪೊಟ್ಟಣ ಹಿಡಿದು ಬಂದ. ನಾಳೆಗೆ ಸಿಪ್ಪೆಯಾದರೂ ಹಳದಿಯಾಗುತ್ತದೆ, ಯಾರಿಗೆ ಗೊತ್ತಾಗುವುದುಂಟು ಮಾರಾಯ್ರೆ ಎಂದ. ಪೊರ್ಬುಗಳು ಬಾಗಿಲಿಗೆ ಅಡ್ಡ ನಿಂತರು.

"ನನ್ನ ಹೆಸರು ಹೋದರೆ ಹೋಗಲಿ. ಮದುವೆಗೆ ಬಂದ ಮಕ್ಕಳ ಬಾಯಿಗೆ ಇದನ್ನು ನಾನು ಹಾಕುವುದಿಲ್ಲ. ತೆಗೊಂಡು ಹೋಗು."

ಕೂಡಲೇ ರಿಕ್ಷಾ ಹಿಡಿದು ಇಬ್ಬರೂ ಕಾಪುವಿಗೆ ಹೋದೆವು. ಚಪ್ಪರದಡಿ ಮದುಮಗಳ ತಂದೆ ಬಾಯಿಗೆ ಬಂದಂತೆ ಬೈದರು. ಪೊರ್ಬುಗಳು ತಲೆ ತಗ್ಗಿಸಲಿಲ್ಲ. ಹಣ್ಣಾಗಲಿಲ್ಲ, ತಪ್ಪು ನನ್ನದು, ಬೇರೆ ಕಡೆಯಿಂದ ತರಿಸಿಕೊಳ್ಳಿ ಎಂದರು. ಅವರ ಬೆನ್ನ ಹಿಂದೆ ನಿಂತಿದ್ದ ವಿಜ್ಞಾನದ ಏಕೈಕ ಪ್ರತಿನಿಧಿ ತುಟಿ ಬಿಚ್ಚಲಿಲ್ಲ.

ಆ ಮನೆಯವರು ಮತ್ತೆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಅವರ ಮಾತು ಕೇಳಿ ಇನ್ನೂ ನಾಲ್ಕು ಮನೆಯವರು ಬಿಟ್ಟರು. ನಾನು ಕ್ಷಮೆ ಕೇಳಹೋದರೆ ಕೈಗೆ ಎರಡು ಹಣ್ಣು ಕೊಟ್ಟು, "ಕೋಣೆ ನನ್ನದಲ್ವಾ ಮಾಸ್ಟ್ರೇ? ಬೇಡ ಅನ್ನಬಹುದಿತ್ತು," ಎಂದರು. ಮದುವೆಯ ಮರುದಿನದಿಂದಲೇ ಬಾಗಿಲು ಪ್ರತಿ ಬೆಳಿಗ್ಗೆ ಎಂದಿನಂತೆ ತೆರೆಯುತ್ತಿತ್ತು.

ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಇಗರ್ಜಿಯ ಅಂಗಳಕ್ಕೆ ಕಾಪುವಿನ ಆ ತಂದೆಯೂ ಬಂದಿದ್ದರು.

"ಒಳ್ಳೆ ಜನ. ನಮಗೊಮ್ಮೆ ಕೈಕೊಟ್ಟರು, ಅಷ್ಟೆ," ಎಂದರು ಪಕ್ಕದವರಿಗೆ.

"ಅವರಲ್ಲ, ನಾನು," ಎಂದೆ. ತರಗತಿಯ ಕೊನೆಯ ಸಾಲಿಗೂ ಕೇಳುತ್ತಿದ್ದ ದನಿಯಲ್ಲಿ, ಶವಪೆಟ್ಟಿಗೆ ಹೊರಲು ನಿಂತವರೂ ತಿರುಗಿ ನೋಡುವಂತೆ, ಮೊದಲಿನಿಂದ ಕೊನೆಯವರೆಗೆ ಹೇಳಿದೆ.